ಬಂದು ಕೇಳಬೇಕಾದ ಫೈಲು

ನನ್ನ ಮೇಜಿನ ಮೇಲಿನ ಫೈಲು ತಾನಾಗಿ ಏಳುವುದಿಲ್ಲ. ಕಳಿಸಿದವರು ಎರಡು ಮಹಡಿ ಹತ್ತಿ ಬಂದು, ನನ್ನೆದುರು ನಿಂತು, "ನಮ್ಮದೊಂದು ಫೈಲಿತ್ತಲ್ಲ ಮೇಡಂ" ಎಂದು ಬಾಯಿಬಿಟ್ಟು ಕೇಳಬೇಕು. ಇದು ಯಾವ ನಿಯಮಾವಳಿಯಲ್ಲೂ ಇಲ್ಲ. ನಾನು ಈ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಸೇರಿದ ದಿನ ನನ್ನ ಹಿಂದಿನ ಅಧಿಕಾರಿ ಬೀರುವಿನ ಬೀಗದ ಕೈಯ ಜೊತೆಗೇ ಇದನ್ನೂ ಒಪ್ಪಿಸಿ ಹೋದರು. "ಸುಮ್ನೆ ಕಳಿಸ್ಬಿಟ್ರೆ ಈ ಕೋಣೇಲಿ ಒಬ್ರು ಕೂತಿದ್ದಾರೆ ಅನ್ನೋದೇ ಮರೆತುಹೋಗ್ತಾರೆ ಕಣಮ್ಮ" ಎಂದಿದ್ದರು. ಇಪ್ಪತ್ತೆರಡು ವರ್ಷ ಅದನ್ನು ತಪ್ಪದೆ ಪಾಲಿಸಿದ್ದೇನೆ. ಡೀನ್‌ಗಳು ಬಂದು ನಿಂತಿದ್ದಾರೆ, ಪ್ರಶಸ್ತಿ ಹೊತ್ತ ಪ್ರೊಫೆಸರ್‌ಗಳು ನಿಂತಿದ್ದಾರೆ. ಬೆನ್ನ ಹಿಂದೆ ನನ್ನನ್ನು ಅಡ್ಡಗೋಡೆ ಎನ್ನುತ್ತಾರೆಂದು ಗೊತ್ತು. ಅನ್ನಲಿ. ಎದುರಿಗೆ ಬಂದಾಗ ತಲೆ ತಗ್ಗಿಸುತ್ತಾರಲ್ಲ, ನನಗೆ ಅಷ್ಟು ಸಾಕು.

ಬಾರದೆ ಉಳಿದವಳು ಒಬ್ಬಳೇ, ನನ್ನ ವಾರಗಿತ್ತಿ.

ನನ್ನ ಗಂಡನ ತಮ್ಮನ ಹೆಂಡತಿ. ಮನೆ ಒಂದೇ, ಅಡುಗೆಮನೆಯೂ ಒಂದೇ. ಮೇಲಿನ ಎರಡು ಕೋಣೆ ಅವರದು, ಕೆಳಗಿನವು ನಮ್ಮವು. ವಯಸ್ಸಿನಲ್ಲಿ ನನಗಿಂತ ಹನ್ನೊಂದು ವರ್ಷ ಚಿಕ್ಕವಳು, ಹುದ್ದೆಯಲ್ಲಿ ಮಾತ್ರ ನಾನು ಕತ್ತೆತ್ತಿ ನೋಡಬೇಕು. ಎರಡು ವರ್ಷದ ಹಿಂದೆ ನಮ್ಮ ವಿಶ್ವವಿದ್ಯಾಲಯದ ವಿದೇಶ ಸಂಪರ್ಕ ಕೇಂದ್ರಕ್ಕೆ ನಿರ್ದೇಶಕಿಯಾಗಿ ಬಂದು ಕೂತಳು. ಮನೆಯಲ್ಲಿ ನನ್ನನ್ನು ಅಕ್ಕ ಎನ್ನುತ್ತಾಳೆ, ಅದೂ ಅತ್ತೆ ಎದುರಿಗಿದ್ದರೆ.

ಅವಳ ಮೇಲೆ ನನಗೆ ಹೊಟ್ಟೆಕಿಚ್ಚು ಎಂದು ಯಾರಾದರೂ ಹೇಳಿದರೆ ನಾನು ಅಲ್ಲಗಳೆಯುವುದಿಲ್ಲ. ಆದರೆ ಕಿಚ್ಚು ಹತ್ತಿದ್ದು ಹುದ್ದೆಯಿಂದಲ್ಲ. ಅವಳು ಹೊರದೇಶಕ್ಕೆ ಓದಲು ಹೋದಾಗ ಮಗುವಿಗೆ ಹತ್ತು ತಿಂಗಳು. ಎರಡು ವರ್ಷ ಅದಕ್ಕೆ ಉಣಿಸಿ, ಮಲಗಿಸಿ, ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ಹಜಾರದ ಉದ್ದಕ್ಕೂ ಓಡಾಡಿದವಳು ನಾನು. ಇವತ್ತಿಗೂ ಆ ಮಗು ಬಿದ್ದು ಮೊಣಕಾಲು ತರಚಿಕೊಂಡರೆ "ದೊಡ್ಡಮ್ಮಾ" ಎಂದೇ ಅಳುವುದು. ಅವಳು ಪದವಿ ಹೊತ್ತು ವಾಪಸು ಬಂದಳು, ಪ್ರಬಂಧ ಪುಸ್ತಕವಾಯಿತು. ಮೊದಲ ಪುಟದಲ್ಲಿ ಕೃತಜ್ಞತೆ ಹೇಳಿದ್ದಳು: ಅಲ್ಲಿನ ಗುರುಗಳಿಗೆ, ಗ್ರಂಥಾಲಯದ ಕಾವಲುಗಾರನಿಗೆ, ಕಾಫಿ ಯಂತ್ರ ರಿಪೇರಿ ಮಾಡಿಕೊಡುತ್ತಿದ್ದವನಿಗೂ. ಎಲ್ಲಾದರೂ ಕಣ್ತಪ್ಪಿತೇನೋ ಎಂದು ಆ ಪುಟವನ್ನು ಮೂರು ಸಲ ಓದಿದೆ. ನನ್ನ ಕಣ್ಣು ತಪ್ಪಿರಲಿಲ್ಲ. ಅಂದಿನಿಂದ ನನಗೆ ಒಂದೇ ಆಸೆ, ಇವಳು ಒಂದು ಸಲ, ಒಂದೇ ಒಂದು ಸಲ ಬಂದು ನನ್ನನ್ನು ಏನನ್ನಾದರೂ ಕೇಳಬೇಕು.

ಕೇಂದ್ರಕ್ಕೆ ಬಂದವಳೇ ಅವಳು ಅಂತರರಾಷ್ಟ್ರೀಕರಣ ಕಾರ್ಯತಂತ್ರ ಎಂಬುದಕ್ಕೆ ಕೈ ಹಾಕಿದಳು. ಹೇಳಿ ಮುಗಿಸುವಷ್ಟರಲ್ಲಿ ಉಸಿರು ಕಟ್ಟುವ ಹೆಸರು. ಹಿಂದಿನ ನಿರ್ದೇಶಕರೂ ಒಂದು ಬರೆದಿದ್ದರು. ಎಂಬತ್ತು ಪುಟ, ರಕ್ಷಾಪುಟದಲ್ಲಿ ವಿಮಾನದ ಚಿತ್ರ. ಆಮೇಲೆ ವಿಮಾನ ಹತ್ತಿದವರು ಅವರೊಬ್ಬರೇ. ಇವಳ ದಾರಿ ಬೇರೆ. ಮೊದಲ ಸಭೆಯಲ್ಲೇ ಹೇಳಿದಳು: "ಕಾಗದ ಆಮೇಲೆ ಬರೆಯೋಣ. ಮೊದಲು ಮೂರು ಸಣ್ಣ ಕೆಲಸ ಶುರು ಮಾಡೋಣ. ನಮ್ಮ ಮಕ್ಕಳು ಹೊರದೇಶದ ವಿಶ್ವವಿದ್ಯಾಲಯಕ್ಕೆ ಹೋಗ್ಲಿ, ಅಲ್ಲಿನವರು ಇಲ್ಲಿಗೆ ಬರ್ಲಿ. ಎಲ್ಲೆಲ್ಲಿ ಎಡವ್ತೀವೋ ಬರೆದಿಟ್ಕೊಳ್ಳೋಣ. ಎಡವಿದ ಜಾಗ ಸರಿಮಾಡೋದೇ ನಮ್ಮ ಕಾರ್ಯತಂತ್ರ."

ಮಾತು ಚೆನ್ನಾಗಿತ್ತು. ಅದೇ ನನ್ನನ್ನು ಇನ್ನಷ್ಟು ಉರಿಸಿತು. ದಡ್ಡಿಯಾಗಿದ್ದರೆ ಕ್ಷಮಿಸಿಬಿಡಬಹುದಿತ್ತು.

ಕೆಲಸಗಳೂ ಶುರುವಾದವು. ನರ್ಸಿಂಗ್‌ನವರು ಅಲ್ಲಿನವರ ಜೊತೆ ಕೂತು, ರೋಗಿಯನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತಿ ಕೂರಿಸುವ ಪಟ್ಟಿಯೊಂದನ್ನು ಹೊಲಿದರು. ಕಟ್ಟಡ ವಿನ್ಯಾಸದವರು ಎರಡೂ ಊರುಗಳ ಬಸ್ ನಿಲ್ದಾಣಗಳಲ್ಲಿ ನೆರಳು ಎಲ್ಲಿ ಬೀಳುತ್ತದೆಂದು ಅಳೆದರು. ಮೂರನೆಯದು ನೀರಿನ ಯೋಜನೆ. ಹಳೆಯ ಕೊಳವೆಗಳಿಂದ ಮನೆಯ ನಲ್ಲಿಗೆ ಎಷ್ಟು ವಿಷ ಇಳಿಯುತ್ತದೆಂದು ಪರೀಕ್ಷಿಸುವುದು. ಎಡವಿದ್ದನ್ನೆಲ್ಲ ಅವಳು ಒಂದು ನೋಟುಪುಸ್ತಕದಲ್ಲಿ ಬರೆದಳು. ಅತಿಥಿ ಹುಡುಗರು ಬರುವ ಹೊತ್ತಿಗೆ ಹಾಸ್ಟೆಲ್ ಗೇಟು ಮುಚ್ಚಿತ್ತು, ಪೆಟ್ಟಿಗೆಗಳ ಮೇಲೆ ಕೂತು ಕಾದರು. ಬರೆದಳು. ಅವರ ರಜೆ, ನಮ್ಮ ಪರೀಕ್ಷೆ ಒಂದೇ ವಾರಕ್ಕೆ ಬಿದ್ದವು. ಬರೆದಳು. ಬರೆದು ಸುಮ್ಮನಿರುತ್ತಿರಲಿಲ್ಲ, ತಾನೇ ನಡೆದುಕೊಂಡು ಹೋಗಿ ಸರಿಮಾಡುತ್ತಿದ್ದಳು. ಹಾಸ್ಟೆಲ್ ವಾರ್ಡನ್ ಜೊತೆ ಕೂತು ಚಹಾ ಕುಡಿದಳು. ವೇಳಾಪಟ್ಟಿ ಗುಮಾಸ್ತನ ಮಗಳ ಮದುವೆಗೂ ಹೋಗಿಬಂದಳು. ನನ್ನ ಕೋಣೆಗೆ ಮಾತ್ರ ಅವಳ ಕಾಲು ಬರಲಿಲ್ಲ.

ನೀರಿನ ಯೋಜನೆಗೆ ಐವರು ಹೋಗಿದ್ದರು. ನಾಲ್ವರು ಅಲ್ಲಿ ಮಾಡಿದ ಕೆಲಸಕ್ಕೆ ನಮ್ಮಲ್ಲಿ ಹೊಂದುವ ಪಾಠವಿತ್ತು, ಅಂಕ ತಾನಾಗಿ ಏರಿತು. ಐದನೆಯವಳದಕ್ಕೆ ಇರಲಿಲ್ಲ. ಅವಳು ತರಗತಿಯಲ್ಲಿ ಕೂತವಳಲ್ಲ, ಹದಿನಾಲ್ಕು ವಾರ ಬಾಟಲಿ ಹೊತ್ತು ಮನೆ ಮನೆಯ ನಲ್ಲಿಯ ನೀರು ಹಿಡಿದವಳು. ನಾನು ಅವಳಿಗಿಟ್ಟ ಹೆಸರೇ ಬಾಟಲಿ ಹುಡುಗಿ. ಆ ಹದಿನಾಲ್ಕು ವಾರ ನಮ್ಮಲ್ಲಿನ ಒಂದು ಸೆಮಿಸ್ಟರಿಗೆ ಸಮ ಎಂದು ಪರೀಕ್ಷಾ ವಿಭಾಗ ಒಪ್ಪಿ ಸಹಿ ಹಾಕಬೇಕು. ಪರೀಕ್ಷಾ ವಿಭಾಗ ಎಂದರೆ ನಾನು. ಫೈಲು ನನ್ನ ಮೇಜಿಗೆ ಬಂದು ಹನ್ನೊಂದು ವಾರವಾಗಿತ್ತು. ಆ ಶುಕ್ರವಾರ ಸಂಜೆ ಐದಕ್ಕೆ ಅಂಕ ಏರಿಸುವ ಗಣಕವ್ಯವಸ್ಥೆ ಮುಚ್ಚುವುದಿತ್ತು. ಮುಚ್ಚಿದ ಮೇಲೆ ಪಟ್ಟಿ ವಿಶ್ವವಿದ್ಯಾಲಯದ ಕೈದಾಟಿ ಮೇಲಿನ ಮಂಡಳಿಗೆ ಹೋಗುತ್ತದೆ. ಆಮೇಲೆ ಕುಲಪತಿಗಳು ತಲೆಕೆಳಗಾಗಿ ನಿಂತರೂ ಅದನ್ನು ತೆರೆಯಲು ಬರುವುದಿಲ್ಲ. ಹುಡುಗಿ ಆ ಸೆಮಿಸ್ಟರನ್ನು ಮತ್ತೆ ಮೊದಲಿಂದ ಓದಬೇಕು.

ಗುರುವಾರ ಬೆಳಿಗ್ಗೆ ನಾನು ಫೈಲು ತೆರೆದೆ. ತಪ್ಪು ಹುಡುಕಲೆಂದೇ ತೆರೆದದ್ದು, ಸುಳ್ಳು ಯಾಕೆ ಹೇಳಲಿ. ಒಳಗೆ ಅವಳ ದಿನಚರಿ ಪುಸ್ತಕವಿತ್ತು. ಇನ್ನೂರ ಹನ್ನೆರಡು ಮನೆ. ಪ್ರತಿ ಮನೆಗೂ ನೀರು ಹಿಡಿದ ಹೊತ್ತು, ನಲ್ಲಿಯ ವಯಸ್ಸು, ಮನೆಯವರು ಹೇಳಿದ ಮಾತು. ತೊಂಬತ್ತನೆಯ ಮನೆಯಲ್ಲಿ ಒಬ್ಬ ತಾಯಿ ನಲ್ಲಿಯ ನೀರಿನಲ್ಲೇ ಕೂಸಿಗೆ ಪುಡಿಹಾಲು ಕಲಸುತ್ತಿದ್ದಳಂತೆ. ಆ ನೀರಿನಲ್ಲಿ ಇರಬಾರದಷ್ಟು ವಿಷ. ಹುಡುಗಿ ಯೋಜನೆಯ ಕೆಲಸ ಬಿಟ್ಟು ಆ ಮನೆಗೆ ಮೂರು ಸಲ ಹೋಗಿದ್ದಳು. ಭಾಷೆ ಸರಿಯಾಗಿ ಬಾರದೆ ಕಾಗದದ ಮೇಲೆ ಕೊಳವೆ, ಬಟ್ಟಲು, ಮಗು ಎಂದು ಚಿತ್ರ ಬರೆದು ತೋರಿಸಿದ್ದಳು. ನಾಲ್ಕನೆಯ ಸಲ ಹೋದಾಗ ಕೊಳವೆ ಬದಲಾಗಿತ್ತು. ಆ ಚಿತ್ರವೂ ಪುಸ್ತಕಕ್ಕೆ ಅಂಟಿತ್ತು. ನಾನು ಚಹಾ ಆರಿಹೋಗುವವರೆಗೂ ಓದಿದೆ. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ನೇರವಾದ ಕೆಲಸ ನನ್ನ ಮೇಜಿಗೆ ಬಂದಿರಲಿಲ್ಲ. ಸಹಿ ಹಾಕಿದೆ, ತಾರೀಖು ಹಾಕಿದೆ, ಮೊಹರು ಒತ್ತಿದೆ.

ಒತ್ತಿ, ಫೈಲನ್ನು ಡ್ರಾಯರಿನೊಳಗೆ ಇಟ್ಟೆ. ಅವಳು ಬಂದು ಕೇಳಲಿ, ಕೇಳಿದ ಕೂಡಲೇ ಕೊಟ್ಟುಬಿಡುತ್ತೇನೆ ಎಂದುಕೊಂಡೆ.

ಮಧ್ಯಾಹ್ನ ಮೂರಕ್ಕೆ ಬಂದವಳು ಬಾಟಲಿ ಹುಡುಗಿ. ದಪ್ಪ ಕನ್ನಡಕ, ತೋಳು ಮಡಚಿದ ಅಂಗಿ, ಬೆರಳ ತುದಿಯಲ್ಲಿ ಪ್ರಯೋಗಾಲಯದ ಹಳದಿ ಕಲೆ.

"ಮೇಡಂ, ನನ್ನ ಫೈಲು..."

"ಅದು ನಿನ್ನ ಫೈಲಲ್ಲ. ಕೇಂದ್ರದ ಫೈಲು. ಕಳಿಸಿದವರು ಬಂದು ಕೇಳ್ಲಿ."

"ಡೈರೆಕ್ಟರ್ ಮೇಡಂಗೆ ಹೇಳ್ದೆ. ಹೋಗಿ ಕೇಳ್ಬೇಕು ಅಂತ ಎಲ್ಲೂ ನಿಯಮ ಇಲ್ಲ, ಫೈಲು ತಾನಾಗೇ ಬರ್ಬೇಕು ಅಂದ್ರು."

"ಹಾಗಾದ್ರೆ ತಾನಾಗೇ ಬರೋವರೆಗೂ ಕಾಯಿ."

ಅವಳು ಹೋಗಲಿಲ್ಲ. ಮೇಜಿನ ಅಂಚನ್ನು ಹಿಡಿದು ನಿಂತಳು. ಡ್ರಾಯರು ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರವಿತ್ತು.

"ನಾಳೆ ಐದಕ್ಕೆ ಮುಚ್ಚತ್ತಂತೆ ಮೇಡಂ. ಜಲಮಂಡಳಿ ಲ್ಯಾಬಲ್ಲಿ ನನಗೆ ಕೆಲಸ ಆಗಿದೆ. ಈ ತಿಂಗಳು ಅಂಕಪಟ್ಟಿ ಕೊಡ್ಲಿಲ್ಲಾಂದ್ರೆ ಬೇರೆಯವರನ್ನ ತಗೋತಾರೆ. ನಂದೇನಾದ್ರೂ ತಪ್ಪಿದ್ರೆ ಹೇಳಿ, ಇಲ್ಲೇ ಕೂತು ತಿದ್ದಿ ಕೊಡ್ತೀನಿ."

"ನಿಂದೇನೂ ತಪ್ಪಿಲ್ಲ" ಎಂದೆ. ಅದು ನಿಜವಾಗಿತ್ತು. "ನಿಮ್ಮ ಡೈರೆಕ್ಟರ್ ಮೇಡಂಗೆ ಹೇಳು. ಎರಡು ಮಹಡಿ ಹತ್ತೋಕೆ ಕಾಲು ನೋವಾ ಅಂತ ನಾನು ಕೇಳ್ದೆ ಅಂತ ಹೇಳು."

ಅವಳು ಹೊರಟುಹೋದಳು. ನನಗೆ ಅಯ್ಯೋ ಅನ್ನಿಸಿತು. ಅನ್ನಿಸಿದ್ದನ್ನು ನುಂಗಿಕೊಂಡು ಮುಂದಿನ ಫೈಲು ಎಳೆದುಕೊಂಡೆ.

ಅಂದು ಮನೆಯಲ್ಲಿ ಎಲ್ಲರೂ ಒಟ್ಟಿಗೇ ಊಟಕ್ಕೆ ಕೂತೆವು. ವಾರಗಿತ್ತಿ ನನ್ನ ಎದುರಿಗೇ. ಹುಡುಗಿ ನನ್ನ ಮಾತನ್ನು ಮುಟ್ಟಿಸಿದ್ದಾಳೆಂದು ಅವಳ ಬಿಗಿದ ದವಡೆಯೇ ಹೇಳುತ್ತಿತ್ತು. ಮೇಲಿನ ಸ್ನಾನದ ಕೋಣೆಯ ನಲ್ಲಿ ಸೋರುತ್ತಿದೆ ಎಂದು ಅತ್ತೆಗೆ ಹೇಳಿದಳು. ಮಗನಿಗೆ ಇಸ್ತ್ರಿ ಮಾಡಿದ ಅಂಗಿ ಎಲ್ಲಿದೆ ಎಂದು ಹೇಳಿದಳು. ನಾನು ಬಡಿಸುವ ನೆಪದಲ್ಲಿ ಎರಡು ಸಲ ಅವಳ ಪಕ್ಕಕ್ಕೇ ಹೋದೆ. ಪಾತ್ರೆ ತೊಳೆಯುವಾಗ ಅಡುಗೆಮನೆಯಲ್ಲಿ ನಾವಿಬ್ಬರೇ ಉಳಿದೆವು. ಆಗಲಾದರೂ ತಿರುಗಿ "ಅಕ್ಕ, ಆ ಫೈಲು" ಎಂದಿದ್ದರೆ ಒದ್ದೆ ಕೈಯಲ್ಲೇ ಆಫೀಸಿಗೆ ಓಡಿಬಿಡುತ್ತಿದ್ದೆ. ಅವಳು ಕೈ ಒರೆಸಿಕೊಂಡು ಮಹಡಿ ಹತ್ತಿದಳು.

ಶುಕ್ರವಾರ ನಾಲ್ಕೂವರೆಗೆ ಫೈಲನ್ನು ಡ್ರಾಯರಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಬಾಗಿಲು ಪೂರ್ತಿ ತೆರೆದಿಟ್ಟೆ. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದೆ. ಅಂಕ ಏರಿಸಲು ಎರಡು ನಿಮಿಷದ ಕೆಲಸ, ಕೆಲಸ ನನ್ನದೇ, ಗಣಕ ನನ್ನೆದುರಿಗೇ. ನಾಲ್ಕು ಐವತ್ತೈದಕ್ಕೆ ಹುಡುಗಿಯ ನೋಂದಣಿ ಸಂಖ್ಯೆಯನ್ನೂ ಒತ್ತಿದೆ. ಖಾಲಿ ಚೌಕ ಎದುರಿಗೆ ಬಂತು. ಆಗಲೂ ಒಂದು ಕಣ್ಣು ಬಾಗಿಲ ಮೇಲೇ ಇತ್ತು. ಈಗ ನಾನಾಗಿ ತುಂಬಿಬಿಟ್ಟರೆ ವಾರಗಿತ್ತಿ ಗೆದ್ದಂತೆ, ಇನ್ನು ಜೀವಮಾನದಲ್ಲಿ ಬಂದು ಕೇಳುವುದಿಲ್ಲ ಎಂದು ಯೋಚಿಸುತ್ತಾ ಕೂತೆ. ಯೋಚಿಸುತ್ತಿರುವಾಗಲೇ ಪರದೆಯ ಮೇಲೆ ಅವಧಿ ಮುಗಿದಿದೆ ಎಂದು ಬಂತು.

ಮಂಗಳವಾರ ಕುಲಪತಿಗಳ ಸಭೆ. ವಾರಗಿತ್ತಿಯ ಕಾರ್ಯತಂತ್ರ ಮಂಡನೆಯಾಗುವುದಿತ್ತು. ಉದ್ದನೆಯ ಮೇಜು, ಹದಿನಾರು ಕುರ್ಚಿ, ಪ್ರತಿಯೊಬ್ಬರ ಮುಂದೆ ಹನ್ನೆರಡು ಪುಟದ ತೆಳ್ಳಗಿನ ಪ್ರತಿ. ರಕ್ಷಾಪುಟದಲ್ಲಿ ವಿಮಾನವಿರಲಿಲ್ಲ. ಹೋಗಿಬಂದ ಅನುಭವ ಹೇಳಲೆಂದು ಬಾಟಲಿ ಹುಡುಗಿಯನ್ನೂ ಕರೆಸಿ ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು. ವಾರಗಿತ್ತಿ ಚೆನ್ನಾಗಿ ಮಾತಾಡಿದಳು. ಹಾಸ್ಟೆಲ್ ಗೇಟಿನ ಕಥೆಗೆ ಎಲ್ಲರೂ ನಕ್ಕರು. ಒಂಬತ್ತನೆಯ ಪುಟಕ್ಕೆ ಬಂದಾಗ ಅವಳ ದನಿ ಇಳಿಯಿತು.

"ನೀರಿನ ಯೋಜನೆಯ ಒಬ್ಬ ವಿದ್ಯಾರ್ಥಿನಿಯ ಹದಿನಾಲ್ಕು ವಾರಗಳ ಕೆಲಸ ಮಾನ್ಯವಾಗಲಿಲ್ಲ" ಎಂದು ಓದಿದಳು. "ಫೈಲು ಹನ್ನೊಂದು ವಾರ ಒಂದೇ ಮೇಜಿನ ಮೇಲೆ ಉಳಿಯಿತು. ಇನ್ನು ಮುಂದೆ ವಿದ್ಯಾರ್ಥಿ ಹೊರಡುವ ಮೊದಲೇ ಆಯಾ ವಿಭಾಗ ಇದನ್ನು ತೀರ್ಮಾನಿಸಬೇಕು. ಪರೀಕ್ಷಾ ವಿಭಾಗದ ಸಹಿ ಅಗತ್ಯವಿಲ್ಲ."

ಹದಿನೈದು ತಲೆಗಳು ನನ್ನ ಕಡೆ ತಿರುಗಿದವು. ಕುಲಪತಿಗಳು ಕನ್ನಡಕ ತೆಗೆದು ಒರೆಸಿದರು. ದೊಡ್ಡ ದನಿ ಎತ್ತದ ಮನುಷ್ಯ.

"ಯಾರ ಮೇಜು ಅದು?"

"ಹೆಸರು ಬೇಡ ಸರ್" ಎಂದಳು ವಾರಗಿತ್ತಿ. "ಪದ್ಧತಿ ಬದಲಾದ್ರೆ ಸಾಕು."

ಆ ದೊಡ್ಡತನ ನನ್ನ ಮೈಗೆ ಬೆಂಕಿ ಹಚ್ಚಿತು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ತಲೆ ತಗ್ಗಿಸಿ ಪುಟ ನೋಡಿದೆ. ನನ್ನ ಕಸುಬೇ ಅದು, ಜನ ಬರೆದದ್ದನ್ನು ಓದುತ್ತಾರೆ, ನಾನು ತಾರೀಖು ಓದುತ್ತೇನೆ. ಪುಟದ ಅಡಿಯಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಅದು ಅಚ್ಚಾದ ದಿನವಿತ್ತು. ಕಳೆದ ಬುಧವಾರ.

"ಮೇಜು ನಂದು ಸರ್" ಎಂದು, ಜೊತೆಗೆ ತಂದಿದ್ದ ಹುಡುಗಿಯ ಫೈಲು ಹಿಡಿದು ಎದ್ದು ನಿಂತೆ. "ಒಂದು ಮಾತು ಕೇಳ್ಬೇಕು. ಗಣಕ ಮುಚ್ಚಿದ್ದು ಶುಕ್ರವಾರ ಸಂಜೆ. ಈ ಪುಟ ಅಚ್ಚಾಗಿದ್ದು ಬುಧವಾರ. ಎರಡು ದಿನ ಬಾಕಿ ಇರೋವಾಗ್ಲೇ ಆ ಹುಡುಗಿ ಕೆಲಸ ಮಾನ್ಯ ಆಗ್ಲಿಲ್ಲ ಅಂತ ಡೈರೆಕ್ಟರ್ ಮೇಡಂಗೆ ಹೇಗೆ ಗೊತ್ತಾಯ್ತು?"

ಕಾಗದಗಳು ಸರಸರ ಮಗುಚಿದವು. ವಾರಗಿತ್ತಿಯೂ ತನ್ನ ಪ್ರತಿಯ ಅಡಿಯನ್ನು ಬಗ್ಗಿ ನೋಡಿದಳು. ಮದುವೆಯಾಗಿ ಬಂದು ಒಂಬತ್ತು ವರ್ಷದಲ್ಲಿ ಅವಳ ಬಾಯಿ ಕಟ್ಟಿದ್ದು ನಾನು ನೋಡಿದ್ದು ಅದೇ ಮೊದಲು. ಆ ಖುಷಿ ನನಗೆ ಅರ್ಧ ನಿಮಿಷವೂ ಉಳಿಯಲಿಲ್ಲ.

"ನೀವು ಕಳಿಸಲ್ಲ ಅಂತ ಗೊತ್ತಿತ್ತು" ಎಂದಳು. "ಇಪ್ಪತ್ತೆರಡು ವರ್ಷದಿಂದ ಎಲ್ರನ್ನೂ ನಿಲ್ಲಿಸ್ಕೊಂಡಿದ್ದೀರಿ. ಒಬ್ರೂ ದೂರು ಬರೆದು ಕೊಟ್ಟಿಲ್ಲ. ಯಾಕಂದ್ರೆ ಎಲ್ರೂ ಬಂದು ಕೇಳಿ ತಗೊಂಡು ಹೋಗಿದ್ದಾರೆ. ನಾನೂ ಬಂದು ಕೇಳಿದ್ರೆ ಈ ಪುಟ ಇರ್ತಾನೇ ಇರ್ಲಿಲ್ಲ."

"ಅಂದ್ರೆ ಪುಟಕ್ಕೋಸ್ಕರ ನೀನು ಹುಡುಗೀನ ಕೈಬಿಟ್ಟೆ."

"ಒಂದು ಸೆಮಿಸ್ಟರು ಹೋಗುತ್ತೆ, ಮುಂದೆ ಬರೋ ನೂರು ಜನಕ್ಕೆ ದಾರಿಯಾಗುತ್ತೆ ಅಂದ್ಕೊಂಡೆ." ಅವಳು ನನ್ನ ಕೈಯಲ್ಲಿದ್ದ ಫೈಲನ್ನು ಕಿತ್ತುಕೊಂಡು ತೆರೆದಳು. ಸಹಿಯ ಮೇಲೆ ಅವಳ ಬೆರಳು ನಿಂತಿತು. "ಗುರುವಾರದ ತಾರೀಖಿದೆ. ಸಹಿ ಮಾಡಿ ಇಟ್ಕೊಂಡಿದ್ರಾ? ಮಾಡಿದ ಮೇಲೂ ಕಳಿಸ್ಲಿಲ್ವಾ ಅಕ್ಕಾ?"

"ನೀನು ಬರ್ಲಿಲ್ಲ."

ಸಭೆ ಎಂಬುದು ಮರೆತುಹೋಗಿತ್ತು. ನನ್ನ ದನಿ ಅಷ್ಟು ಎತ್ತರಕ್ಕೆ ಹೋಗಿದೆಯೆಂದು ಕುಲಪತಿಗಳು ಕೈ ಎತ್ತಿದಾಗಲೇ ನನಗೆ ತಿಳಿದದ್ದು. ಅವರು ಇಬ್ಬರನ್ನೂ ನೋಡಿದರು. ಫೈಲು ತರಿಸಿಕೊಂಡು ದಿನಚರಿಯ ನಾಲ್ಕು ಪುಟ ಮಗುಚಿದರು. ಚಿತ್ರ ಅಂಟಿಸಿದ ಪುಟದಲ್ಲಿ ಸ್ವಲ್ಪ ಹೊತ್ತು ನಿಂತರು.

"ಪುಟ ಒಂಬತ್ತು ಸರಿಯಾಗೇ ಇದೆ, ಒಪ್ಪಿದೀನಿ" ಎಂದರು ಕೊನೆಗೆ. "ಈ ಫೈಲಿನ ವಿಷಯ ಮೇಲಿನ ಮಂಡಳಿಗೆ ಬರೀತೀನಿ. ಅವರು ತೆರೆಯಲ್ಲ, ಆದ್ರೂ ಬರೀತೀನಿ. ನೀವಿಬ್ರೂ ಈಗ ಹೊರಗೆ ಹೋಗಿ ಆ ಹುಡುಗೀಗೆ ಹೇಳಿ. ಅದನ್ನ ನಾನು ಹೇಳಲ್ಲ."

ಬಾಗಿಲು ಅರ್ಧ ತೆರೆದೇ ಇತ್ತು. ಬಾಟಲಿ ಹುಡುಗಿ ಬೆಂಚಿನಿಂದ ಎದ್ದು ನಿಂತಿದ್ದಳು. ಮಾತಾಡಲೆಂದು ಬರೆದುಕೊಂಡು ಬಂದ ಹಾಳೆ ನಾಲ್ಕು ಮಡಿಕೆಯಾಗಿ ಅವಳ ಮುಷ್ಟಿಯಲ್ಲಿತ್ತು. ನಾವು ಹೇಳುವುದಕ್ಕೆ ಏನೂ ಉಳಿದಿರಲಿಲ್ಲ, ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಳುತ್ತಾಳೆ ಎಂದುಕೊಂಡೆ. ಬೈಯುತ್ತಾಳೆ ಎಂದುಕೊಂಡೆ. ಎರಡಕ್ಕೂ ನನ್ನ ಬಳಿ ಉತ್ತರವಿತ್ತು, ಇಂಥ ಮಕ್ಕಳನ್ನು ಎಷ್ಟೋ ಕಂಡಿದ್ದೇನೆ.

ಅವಳು ವಾರಗಿತ್ತಿಯನ್ನು ಕೇಳಿದಳು: "ಇವರನ್ನ ಅಕ್ಕ ಅಂದ್ರಿ. ನೀವಿಬ್ರೂ ಸಂಬಂಧಿಕರಾ?"

"ಹೌದು" ಎಂದಳು ವಾರಗಿತ್ತಿ. "ಒಂದೇ ಮನೇಲಿದ್ದೀವಿ."

"ಗುರುವಾರಾನೂ?"

"ಗುರುವಾರಾನೂ."

ಹುಡುಗಿ ಕನ್ನಡಕವನ್ನು ಮೇಲಕ್ಕೆ ಒತ್ತಿಕೊಂಡಳು. ಇನ್ನೂರ ಹನ್ನೆರಡು ಮನೆಗಳ ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳಿ ಅಭ್ಯಾಸವಾದವಳು. ದನಿ ಏರಿಸದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು.

"ಅವತ್ತು ಊಟಕ್ಕೆ ಕೂತಾಗ ನೀವಿಬ್ರೂ ಏನ್ ಮಾತಾಡಿದ್ರಿ?"

ಅವಳು ಉತ್ತರಕ್ಕೆ ಕಾದು ನಿಂತಳು. ಇವಳು ಹೇಳಲಿ ಎಂದು ನಾನು ಸುಮ್ಮನಿದ್ದೆ. ನಾನು ಹೇಳಲಿ ಎಂದು ನನ್ನ ವಾರಗಿತ್ತಿಯೂ ಸುಮ್ಮನಿದ್ದಳು.